ಠಾಣೆಯಲ್ಲಿ 'ಕೂರಿಸಿಕೊಳ್ಳುವುದನ್ನು' ನಿಲ್ಲಿಸುವ ಕುರಿತು ಗ್ರಾಮಸ್ಥರ ಮನವಿ

ಇವರಿಗೆ,
ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳು

ಮಾನ್ಯರೇ,

ವಿಷಯ: ಘಟ್ಟದ ತಿರುವಿನ ರಾತ್ರಿ ತಪಾಸಣೆ ಮತ್ತು ದಾಖಲೆಯಿಲ್ಲದ ಬಂಧನ.

ಇದು ನಮ್ಮ ನಾಲ್ಕನೆಯ ಮನವಿ. ಮೊದಲನೆಯದನ್ನು ಠಾಣೆಯಲ್ಲಿ ಕೊಟ್ಟೆವು. ಸ್ವೀಕೃತಿ ಕೇಳಿದ್ದಕ್ಕೆ 'ನಮ್ಮ ಮೇಲೆ ನಂಬಿಕೆ ಇಲ್ಲವೇ' ಎಂದರು. ಎರಡನೆಯದು ಉಪವಿಭಾಗದ ಕಚೇರಿಯಿಂದ 'ಸೂಕ್ತ ಕ್ರಮಕ್ಕಾಗಿ' ಅದೇ ಠಾಣೆಗೆ ಬಂತು. ಯಾರ ಮೇಲೆ ದೂರೋ ಅವರೇ ವರದಿ ಬರೆದರು. ಮೂರನೆಯದನ್ನು ಕೊಡಲು ಐವರು ಕೂಲಿ ಬಿಟ್ಟು, ಬಸ್ ಹಿಡಿದು ತಮ್ಮ ಕಚೇರಿಗೆ ಬಂದೆವು. ತಾವು ಸಭೆಯಲ್ಲಿದ್ದಿರಿ. ಮತ್ತೊಮ್ಮೆ ಬಂದೆವು, ಆಗಲೂ ಸಭೆ. ಪೊಲೀಸರು ಊರಿನವರೊಡನೆ ನಡೆಸುವ ಬೀಟ್ ಸಭೆಯಲ್ಲಿ ಹೇಳಿಕೊಂಡಾಗ ಚಹಾ ಕೊಟ್ಟರು, ಅದಕ್ಕೆ ಕೃತಜ್ಞರು.

ಈಗ ಅಡಿಕೆ ಕೊಯ್ಲಿನ ಕಾಲ. ಸುಲಿಯುವವರು ಮನೆಗೆ ಹೊರಡುವುದೇ ರಾತ್ರಿ ಹನ್ನೊಂದಕ್ಕೆ. ಮರವೇರಿ ಅಡಿಕೆ ಗೊನೆ ಕೊಯ್ಯುವ ಕೊನೆಗಾರನ ಸೊಂಟದಲ್ಲಿ ಕತ್ತಿಯಲ್ಲದೆ ಪೆನ್ನು ಇರುತ್ತದೆಯೇ? ದೀಪಾವಳಿ ಕಳೆದ ವಾರ ಆ ಕತ್ತಿಯನ್ನೇ 'ಮಾರಕಾಸ್ತ್ರ' ಎಂದು ನಮ್ಮವನೊಬ್ಬನನ್ನು ಜೀಪಿಗೆ ಹತ್ತಿಸಿದರು. ಕೃಷಿಗೆ, ಮನೆಬಳಕೆಗೆ ಮಾತ್ರ ಮಾಡಿದ ವಸ್ತು ಆಯುಧವಲ್ಲವೆಂದು 1959ರ ಶಸ್ತ್ರಾಸ್ತ್ರ ಕಾಯ್ದೆಯೇ ಹೇಳುತ್ತದೆ. ಸೋಮವಾರ ರಾತ್ರಿ ಒಯ್ದವನನ್ನು ಬಿಟ್ಟದ್ದು ಬುಧವಾರ ಬೆಳಗ್ಗೆ. ಹೆಂಡತಿಗೆ ಸುದ್ದಿ ಸಿಕ್ಕಿದ್ದು ಹಾಲಿನ ಡೇರಿಯಲ್ಲಿ. ಕತ್ತಿ ಇನ್ನೂ ಬಂದಿಲ್ಲ, ಅದಕ್ಕೆ ರಸೀದಿಯೂ ಇಲ್ಲ.

ಕೇಳಿದರೆ, 'ಬಂಧಿಸಿಲ್ಲ, ಸುಮ್ಮನೆ ಕೂರಿಸಿಕೊಂಡಿದ್ದೆವು' ಎಂಬ ಉತ್ತರ. ಈ 'ಕೂರಿಸಿಕೊಳ್ಳುವುದು' ಯಾವ ಕಲಮಿನಲ್ಲಿದೆ ಸ್ವಾಮಿ? 2024ರ ಜುಲೈ 1ರಿಂದ ಜಾರಿಯಲ್ಲಿರುವ, ಬಂಧನ-ತನಿಖೆಯ ನಿಯಮಗಳನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯನ್ನು ನಾವು ಹುಡುಕಿ ಓದಿದೆವು. ಬಂಧನದ ಅಗತ್ಯವಿಲ್ಲದಿದ್ದರೆ ನೋಟಿಸ್ ಕೊಡಿ ಎನ್ನುತ್ತದೆ 35ನೇ ಕಲಂ. ಬಂಧಿಸಿದರೆ ಸಾಕ್ಷಿಯ ಸಹಿಯುಳ್ಳ ಪತ್ರ ಬೇಕು (36), ಕಾರಣ ಹೇಳಬೇಕು (47), ಮನೆಯವರಿಗೆ ತಿಳಿಸಬೇಕು (48). ಮುನ್ನೆಚ್ಚರಿಕೆಯ ಬಂಧನಕ್ಕೂ 24 ಗಂಟೆಯ ಮಿತಿಯಿದೆ (170). ಪೊಲೀಸ್ ವಶದಲ್ಲಿನ ಸಾವುಗಳ ಕುರಿತ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಬಂಧನದ ಪತ್ರ, ಮನೆಯವರಿಗೆ ತಿಳಿಸುವುದು ಮುಂತಾದವನ್ನು ಬಿಡಿಸಿ ಹೇಳಿದೆ. ಅಡಿಕೆ ಸುಲಿಯುವವರು ಠಾಣೆಗೆ ಕಾನೂನು ಹೇಳಿಕೊಡಬೇಕಾಗಿ ಬಂದಿದೆ.

ಗೂಡ್ಸ್ ಆಟೊದಲ್ಲಿ ಬರುವ ಹೆಂಗಸರ ಬುತ್ತಿ ಚೀಲಕ್ಕೂ ಗಂಡಸರೇ ಕೈ ಹಾಕುತ್ತಾರೆ. ಮಹಿಳಾ ಸಿಬ್ಬಂದಿಯನ್ನು ಅಲ್ಲಿ ಒಮ್ಮೆಯೂ ಕಂಡಿಲ್ಲ. ಹುಡುಗರ ಮೊಬೈಲ್ ತೆರೆಸಿ ಫೋಟೊ ನೋಡುತ್ತಾರೆ. ಹೆಸರು ಓದೋಣವೆಂದರೆ ಎದೆಯ ಪಟ್ಟಿಯನ್ನು ಜರ್ಕಿನ್ ಮುಚ್ಚಿರುತ್ತದೆ. ಮಂಜಿನಲ್ಲಿ ಕಾಣದ ಬ್ಯಾರಿಕೇಡಿಗೆ ಗುದ್ದಿ ಇಬ್ಬರು ಕೈ ಮುರಿದುಕೊಂಡಿದ್ದಾರೆ. ಇಷ್ಟೆಲ್ಲ ಕಾವಲಿದ್ದರೂ ಅಂಗಳದಲ್ಲಿ ಒಣಗಿಸಿದ್ದ ಅಡಿಕೆಯನ್ನು ವಾಹನಕ್ಕೆ ತುಂಬಿಕೊಂಡು ಹೋದವರು ಇದೇ ತಿರುವನ್ನು ದಾಟಿಯೇ ಹೋಗಿದ್ದಾರೆ. ಅವರನ್ನು ಯಾರೂ ಕೂರಿಸಿಕೊಳ್ಳಲಿಲ್ಲ. ಚುನಾವಣೆಗೆಂದು ಠೇವಣಿ ಇಡಿಸಿಕೊಂಡ ತೋಟದ ಕೋವಿಗಳಿಗಾಗಿ ಅಲೆದದ್ದು ಬೇರೆ ಕಥೆ. ಅಷ್ಟರಲ್ಲಿ ಕಾಡುಹಂದಿಗಳು ಗದ್ದೆ ಮುಗಿಸಿದ್ದವು.

ತಪಾಸಣೆಯೇ ಬೇಡ ಎನ್ನುತ್ತಿಲ್ಲ. ಠಾಣೆಗೆ ಕರೆದೊಯ್ದ ಪ್ರತಿಯೊಬ್ಬರ ಹೆಸರು, ವೇಳೆ, ಕಾರಣವನ್ನು ಠಾಣಾ ದಿನಚರಿಯಲ್ಲಿ ಬರೆಸಿ. ರಾತ್ರಿ ಪಾಳಿಗೆ ಮಹಿಳಾ ಸಿಬ್ಬಂದಿಯನ್ನು ಹಾಕಿ. ಆ ಎರಡು ರಾತ್ರಿಗಳ ಸಿಸಿಟಿವಿ ದೃಶ್ಯವನ್ನು ಅಳಿಸಿಹೋಗುವ ಮುಂಚೆ ತರಿಸಿಕೊಂಡು ನೋಡಿ. ಪ್ರತಿ ಠಾಣೆಯಲ್ಲೂ ಕ್ಯಾಮೆರಾ ಇರಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲೇ ಆದೇಶಿಸಿರುವುದರಿಂದ 'ಕೆಟ್ಟಿತ್ತು' ಎಂಬ ಉತ್ತರವನ್ನು ಒಪ್ಪುವುದಿಲ್ಲ. ವಿಚಾರಣೆಯನ್ನು ಮತ್ತೆ ಅದೇ ಠಾಣೆಗೆ ಕಳುಹಿಸಬೇಡಿ. ಈ ಬಾರಿ ಲಿಖಿತ ಹಿಂಬರಹ ಬೇಕು, ಕೊಯ್ಲು ಮುಗಿಯುವುದರೊಳಗೆ ಕತ್ತಿಯೂ ಬೇಕು.

ಇಂತಿ,
ಸಹಿ ಮಾಡಿದ ಗ್ರಾಮಸ್ಥರು

ಲಗತ್ತು: ಹಿಂದಿನ ಮೂರು ಮನವಿಗಳ ಪ್ರತಿ. ಮೊದಲನೆಯದಕ್ಕೆ ಸ್ವೀಕೃತಿ ಇಲ್ಲ, ಕಾರಣ ಮೇಲೆ ಹೇಳಿದೆ.