ಕೋಡುಬಳೆ ಡಬ್ಬಿಯ ಬೀಗ

ಪ್ರೀತಿಯ ಮಗಳೇ,

ನಿನ್ನ ಕಥೆ ಎರಡು ಸಲ ಓದಿದೆ. ಎಷ್ಟು ಪುಟ ಇರಬೇಕು, ಯಾವ ಪತ್ರಿಕೆಗೆ ಕಳಿಸಬೇಕು ಅಂತ ಕೇಳಿದ್ದೀಯ. ಅದನ್ನು ಯಾರಾದರೂ ಹೇಳುತ್ತಾರೆ ಬಿಡು. ನನ್ನ ತಕರಾರು ನಿನ್ನ ಅಜ್ಜಿಯ ಬಗ್ಗೆ. ಕಥೆಯಲ್ಲಿ ಆಕೆ ಸಾಕ್ಷಾತ್ ದೇವತೆ. ಜೊತೆಗಿಟ್ಟ ಕಾಗದದಲ್ಲಿ ಮಾತ್ರ, ಮೊಮ್ಮಕ್ಕಳ ಕಣ್ಣೆದುರೇ ಕೋಡುಬಳೆ ಡಬ್ಬಿಗೆ ಬೀಗ ಹಾಕುತ್ತಿದ್ದಳು ಅಂತ ಒಂದು ಸಾಲಿದೆ. ಅಯ್ಯೋ, ಆ ಬೀಗ ಕಥೆಯಲ್ಲಿ ಯಾಕಿಲ್ಲ?

1990ರ 'ತಾತಿ ದಾನಿಯೆಲ್' ಅನ್ನುವ ಫ್ರೆಂಚ್ ಸಿನಿಮಾ ನೋಡು. ನಿರ್ದೇಶಕ ಎತಿಯೆನ್ ಶಾತಿಲಿಯೇ. ದಾನಿಯೆಲ್ ಅಂತ ಒಬ್ಬ ವಿಧವೆ ಮುದುಕಿ. ಮನೆಗೆಲಸದವಳನ್ನು ಗೋಳು ಹೊಯ್ದುಕೊಳ್ಳುತ್ತಾಳೆ. ಆ ಪಾಪದವಳು ಬಿದ್ದು ಸತ್ತ ಮೇಲೆ ಪ್ಯಾರಿಸ್ಸಿನ ಬಂಧುಗಳ ಮನೆ ಸೇರುತ್ತಾಳೆ. ಅವರು ಒಳ್ಳೆಯವರು, ಸ್ವಲ್ಪ ಪೆದ್ದರು. ಅವರ ಪುಟ್ಟ ಮಗನನ್ನು ಪಾರ್ಕಿನಲ್ಲೇ ಬಿಟ್ಟು ಬರುತ್ತಾಳೆ ಈ ಪುಣ್ಯಾತ್ಗಿತ್ತಿ! ಪೋಸ್ಟರಿನಲ್ಲೇ ಬರೆದಿದ್ದರು: ನಿಮಗಿನ್ನೂ ಆಕೆಯ ಪರಿಚಯವಿಲ್ಲ, ಆಕೆಗೆ ಆಗಲೇ ನಿಮ್ಮನ್ನು ಕಂಡರಾಗದು.

ನಾನಾಗಿದ್ದರೆ ನಡುವೆ ಒಂದು ಫ್ಲ್ಯಾಶ್‌ಬ್ಯಾಕ್ ತುರುಕಿ, ಬಾಲ್ಯದ ಕಷ್ಟ ತೋರಿಸಿ, ಅವಳನ್ನು ಪಾರು ಮಾಡುತ್ತಿದ್ದೆ. ಶಾತಿಲಿಯೇ ಆ ಗೋಜಿಗೇ ಹೋಗುವುದಿಲ್ಲ. ದಾನಿಯೆಲ್ ಪಾತ್ರ ಮಾಡಿದ ತ್ಸಿಲಾ ಶೆಲ್ಟನ್ ಮುಖ ನೋಡು, ಕರುಣೆ ಬೇಡುವ ಒಂದು ಗೆರೆಯೂ ಇಲ್ಲ. ಮನೆಯವರು ಗ್ರೀಸಿಗೆ ರಜೆಗೆ ಹೋದಾಗ ಅವಳನ್ನು ನೋಡಿಕೊಳ್ಳಲು ಸಾಂಡ್ರಿನ್ ಅನ್ನುವ ಹುಡುಗಿ ಬರುತ್ತಾಳೆ. ಏಟಿಗೆ ಏಟು, ಮಾತಿಗೆ ಮಾತು. ಕೆನ್ನೆಗೂ ಬಾರಿಸುತ್ತಾಳೆ. ಮುದುಕಿಗೆ ಇಷ್ಟವಾಗುವುದು ಅವಳೊಬ್ಬಳೇ! ನಾನು ನಕ್ಕೆ. ಆಮೇಲೆ ಸುಮ್ನೆ ಕೂತೆ.

ಯಾಕೆಂದರೆ ನಾನೂ ಒಬ್ಬ ಸೋದರತ್ತೆಯ ಬಗ್ಗೆ ಬರೆದಿದ್ದೆ. ಅವಳು ಪಕ್ಕದ ಮನೆಗೆ ಬಂದ ಕಾಗದ ಒಡೆದು ಓದಿ, ಅನ್ನದ ಅಗುಳಿನಿಂದ ಅಂಟಿಸಿ ಕೊಡುತ್ತಿದ್ದಳು. ಒಂದು ಮದುವೆಯನ್ನೂ ಹಾಗೇ ಮುರಿದಳು. ಕಥೆಯಲ್ಲಿ ಅವಳನ್ನು ತುಳಸಿಕಟ್ಟೆ ಮುಂದೆ ಕೂರಿಸಿ ದೀಪ ಹಚ್ಚಿಸಿದೆ. ಬಂಧುಗಳು ಅತ್ತರು. ಒಬ್ಬ ವಿಮರ್ಶಕರು ಹೊಗಳಿ ಹೊಗಳಿ ಬರೆದರು. ಅವರ ಮೇಲೆ ನನಗೆ ಈಗಲೂ ಸಿಟ್ಟಿದೆ, ನಾಲ್ಕು ಬೈದಿದ್ದರೆ ಮುಂದಿನ ಹತ್ತು ವರ್ಷ ಅಂಥದ್ದನ್ನೇ ಬರೆಯುತ್ತಿರಲಿಲ್ಲ. ಅತ್ತೆಯ ಮಗಳು ಮಾತ್ರ ಪುಸ್ತಕ ಮುಚ್ಚಿ ಕೇಳಿದಳು, "ಚೆನ್ನಾಗಿದೆ. ಯಾರಿದು?"

ನಿನ್ನ ಮನೆಯವರು ಬೇಜಾರು ಮಾಡಿಕೊಳ್ಳಬಹುದು. ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ. ಅಜ್ಜಿ ಆ ಬೀಗದ ಕೈ ಎಲ್ಲಿ ಇಟ್ಟುಕೊಳ್ಳುತ್ತಿದ್ದಳು, ಸೊಂಟದಲ್ಲೋ, ದಿಂಬಿನಡಿಯೋ? ಮೊದಲು ಅದನ್ನು ಬರೆದು ಕಳಿಸು.