ಟೆಂಡರಿನಲ್ಲಿ ಡೀಸೆಲ್ ಲೆಕ್ಕವೂ ಇರಲಿ

ಮಾನ್ಯರೆ,

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ನಮ್ಮ ಭಾಗದಲ್ಲಿ ಶಾಲೆ ಕೋಣೆ, ಆಸ್ಪತ್ರೆ ಅಂತ ಕಟ್ಟಡಗಳು ಏಳುತ್ತಲೇ ಇವೆ. ಸಂತೋಷ. ಮುಗಿದ ಮೇಲೆ ಮಾಳಿಗೆ ಮೇಲೆ ಸೋಲಾರ್ ಕೂರಿಸುವ ಮಾತೂ ಬರುತ್ತದೆ. ಆದರೆ ಕಟ್ಟುವಾಗ ಸುಡುವ ಡೀಸೆಲ್ ಬಗ್ಗೆ ಯಾರೂ ಕೇಳುವುದಿಲ್ಲ. ನಾನು ಕಲಬುರಗಿಯಲ್ಲಿ ಸೈಟ್ ಸೂಪರ್‌ವೈಸರ್. ಕಂಡದ್ದನ್ನೇ ಬರೆಯುತ್ತಿದ್ದೇನೆ.

ಜನರೇಟರ್ ಬೆಳಿಗ್ಗೆ ಒಮ್ಮೆ ಶುರುವಾದರೆ ಸಂಜೆಯವರೆಗೂ ಓಡುತ್ತಿರುತ್ತದೆ. ಮಿಕ್ಸರ್ ನಿಂತಿರಲಿ, ಗೌಂಡಿಗಳು ಊಟಕ್ಕೆ ಕೂತಿರಲಿ, ಅದು ಮಾತ್ರ ನಿಲ್ಲುವುದಿಲ್ಲ. ಲೋಡ್ ಚೆನ್ನಾಗಿದ್ದಾಗ ಒಂದು ಲೀಟರ್ ಡೀಸೆಲ್‌ಗೆ ಸುಮಾರು 3 ಯೂನಿಟ್ ಕರೆಂಟ್ ಸಿಗುತ್ತದೆ. ಲೀಟರಿಗೆ 90 ರೂಪಾಯಿ ಹಿಡಿದರೂ ಯೂನಿಟ್‌ಗೆ 30 ರೂಪಾಯಿ ಆಯಿತು. ದೊಡ್ಡ ಜನರೇಟರಿಗೆ ಬರೀ ಒಂದು ಕಟಿಂಗ್ ಮಶೀನ್, ಎರಡು ಬಲ್ಬ್ ಹಚ್ಚಿದರೆ ಆ 3 ಯೂನಿಟ್ ಕೂಡ ದಕ್ಕುವುದಿಲ್ಲ. ನಮ್ಮ ಭಾಗದ ವಿದ್ಯುತ್ ಕಂಪನಿ ಜೆಸ್ಕಾಂ ಕೊಡುವ ತಾತ್ಕಾಲಿಕ ಸಂಪರ್ಕದ ದರ ಮನೆ ದರಕ್ಕಿಂತ ಜಾಸ್ತಿ, ನಿಜ. ಆದರೂ ಡೀಸೆಲ್‌ನಷ್ಟು ದುಬಾರಿ ಅಲ್ಲ.

ಹಾಗಿದ್ದರೆ ಬಂದ್ ಯಾಕೆ ಮಾಡುವುದಿಲ್ಲ? ಸ್ವಿಚ್ ಇರುವುದು ಕೂಲಿಗಳ ಮೇಲ್ವಿಚಾರಕ ಮುಕಾದಮನ ಕೈಯಲ್ಲಿ, ದುಡ್ಡು ಹೋಗುವುದು ಗುತ್ತಿಗೆದಾರನ ಜೇಬಿನಿಂದ. ಗುತ್ತಿಗೆದಾರ ಅದನ್ನು ಮೊದಲೇ ರೇಟಿಗೆ ಸೇರಿಸಿರುತ್ತಾನೆ. ಕೊನೆಗೆ ತೆರುವವರು ನಾವೇ ಅಲ್ವಾ?

ಜನರೇಟರೇ ಬೇಡ ಎನ್ನುತ್ತಿಲ್ಲ. ಸ್ಲ್ಯಾಬ್ ಹಾಕುವಾಗ ಕರೆಂಟ್ ಹೋಗಿ ಕೆಲಸ ಅರ್ಧಕ್ಕೆ ನಿಂತರೆ ಹಳೆ ಕಾಂಕ್ರೀಟಿಗೂ ಹೊಸದಕ್ಕೂ ಸರಿಯಾಗಿ ಕೂಡುವುದಿಲ್ಲ, ಮಳೆಗಾಲದಲ್ಲಿ ಅಲ್ಲೇ ಸೋರುತ್ತದೆ. ಅವತ್ತು ಜನರೇಟರ್ ಪಕ್ಕದಲ್ಲಿ ಇರಲೇಬೇಕು. ಉಳಿದ ದಿನ ಸುಮ್ನೆ ಯಾಕೆ?

ರಾತ್ರಿ ದೀಪದ ಕಥೆಯೂ ಇಷ್ಟೇ. ಕೆಲವು ಸೈಟುಗಳಲ್ಲಿ ಇನ್ನೂ 500 ವ್ಯಾಟಿನ ಹಾಲೋಜನ್ ಇದೆ. ಅಂಥ ಆರು ದೀಪ 12 ತಾಸು ಉರಿದರೆ 36 ಯೂನಿಟ್. 100 ವ್ಯಾಟಿನ ಎಲ್‌ಇಡಿ ಹಾಕಿದರೆ ಸುಮಾರು 7 ಯೂನಿಟ್‌ಗೆ ಮುಗಿಯುತ್ತದೆ.

ಹಾಕಿದ ಕಾಂಕ್ರೀಟ್ ಗಟ್ಟಿಯಾಗಲು ನೀರು ಹೊಡೆಯುವುದರಲ್ಲೂ (ಕ್ಯೂರಿಂಗ್) ಪಂಪು, ಟ್ಯಾಂಕರ್ ಎರಡೂ ಎಣ್ಣೆ ಕುಡಿಯುತ್ತವೆ. ನಮ್ಮ ಮೇ ತಿಂಗಳ ಬಿಸಿಲಲ್ಲಿ ಮಧ್ಯಾಹ್ನ ಪೈಪು ಹಿಡಿದರೆ ಅರ್ಧ ನೀರು ಆವಿ. ಸ್ಲ್ಯಾಬ್ ಮೇಲೆ ಮಡಿ ಕಟ್ಟಿ ನೀರು ನಿಲ್ಲಿಸಿ, ಕಾಲಂಗಳಿಗೆ ಒದ್ದೆ ಗೋಣಿ ಸುತ್ತಿ ಮೇಲೆ ಪ್ಲಾಸ್ಟಿಕ್ ಕಟ್ಟಿದರೆ ಪಂಪು ಓಡಿಸುವುದು ಎಷ್ಟೋ ಕಡಿಮೆಯಾಗುತ್ತದೆ. ಆದರೆ ಉಳಿತಾಯದ ಹೆಸರಲ್ಲಿ ದಿನ ಕಡಿಮೆ ಮಾಡಬಾರದು. ಬಿಸಿಲು ಜಾಸ್ತಿ ಇರುವ ಕಡೆ ಹಾರುಬೂದಿಯಂಥದ್ದು ಬೆರೆಸಿದ ಪಿಪಿಸಿ ಸಿಮೆಂಟಿಗೆ 14 ದಿನ ಕ್ಯೂರಿಂಗ್ ಮಾಡುವುದು ಒಳ್ಳೆಯದು ಎನ್ನುತ್ತದೆ ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456.

ಮಂಡಳಿಯವರು ಟೆಂಡರಿಗೆ ಎರಡೇ ಷರತ್ತು ಸೇರಿಸಲಿ. ಪಾಯ ತೋಡುವ ಮೊದಲೇ ತಾತ್ಕಾಲಿಕ ಸಂಪರ್ಕಕ್ಕೆ ಅರ್ಜಿ ಹಾಕಿರಬೇಕು. ಜನರೇಟರ್ ಓಡಿದ ತಾಸು, ಸುಟ್ಟ ಡೀಸೆಲ್ ಒಂದು ಪುಸ್ತಕದಲ್ಲಿ ಬರೆದಿರಬೇಕು. ಆದ ಕೆಲಸದ ಅಳತೆ ಪುಸ್ತಕ (ಎಂಬಿ) ಬರೆಯಲು ಬರುವ ಎಂಜಿನಿಯರ್ ಅದನ್ನೂ ನೋಡಿ ಸಹಿ ಹಾಕಲಿ, ಆಮೇಲೆ ಬಿಲ್ ಪಾಸಾಗಲಿ. ಅರ್ಜಿ ಹಾಕಿದವರಿಗೆ ಸಂಪರ್ಕವೂ ಪಾಯ ತುಂಬುವಷ್ಟರಲ್ಲಿ ಸಿಗಬೇಕು, ಇಲ್ಲದಿದ್ದರೆ ಷರತ್ತು ಕಾಗದದಲ್ಲೇ ಉಳಿಯುತ್ತದೆ.

— ಒಬ್ಬ ಸೈಟ್ ಸೂಪರ್‌ವೈಸರ್, ಕಲಬುರಗಿ