ಹೆಲ್ಸಿಂಗ್‌ಬೋರ್ಗ್‌ನಲ್ಲಿರುವ ರಾಘುವಿಗೆ

ಶಿವಮೊಗ್ಗ
ಭಾನುವಾರ ರಾತ್ರಿ

ಪ್ರೀತಿಯ ರಾಘು,

ನೀನು ಕಳಿಸಿದ ಫೋಟೋಗಳು ಸಿಕ್ಕಿದವು. ಕಡಲು, ಆಚೆ ದಡದಲ್ಲಿ ಡೆನ್ಮಾರ್ಕ್, ನಡುವೆ ಓಡಾಡುವ ಫೆರಿ, ದಿಬ್ಬದ ಮೇಲೆ ಹಳೇ ಇಟ್ಟಿಗೆಯ ಗೋಪುರ. ಎಲ್ಲ ಚೆನ್ನಾಗಿದೆ. ಆದರೆ ಕೆಳಗೆ ನೀನು ಬರೆದ ಸಾಲು ಓದಿ ಸುಮ್ಮನಿರಲು ಆಗಲಿಲ್ಲ. "ಊರು ಸಣ್ಣದು, ಗಾಳಿ ಜಾಸ್ತಿ, ನೋಡುವಂಥದ್ದು ಹೆಚ್ಚೇನಿಲ್ಲ" ಅಂದಿದ್ದೀಯ. ಅದು ಸ್ವೀಡನ್ನಿನ ಫುಟ್‌ಬಾಲ್ ಆಟಗಾರ ಹೆನ್ರಿಕ್ ಲಾರ್ಸನ್ ಹುಟ್ಟಿ ಬೆಳೆದ ಊರು ಮಾರಾಯ.

ನಿನಗೆ ನೆನಪಿದೆಯಾ, 2006ರ ಮೇ ತಿಂಗಳು, ಹಾಸ್ಟೆಲಿನ ಟಿವಿ ರೂಮು? ಯುರೋಪಿನ ಕ್ಲಬ್ಬುಗಳ ಚಾಂಪಿಯನ್ಸ್ ಲೀಗ್ ಫೈನಲ್, ಬಾರ್ಸಿಲೋನಾಗೂ ಆರ್ಸೆನಲ್‌ಗೂ. ನಮಗೆ ಆಟ ಶುರುವಾಗಿದ್ದೇ ರಾತ್ರಿ ಹನ್ನೆರಡೂ ಕಾಲಿಗೆ. ಆರ್ಸೆನಲ್ ಗೋಲ್‌ಕೀಪರ್ ಲೇಮನ್ 18ನೇ ನಿಮಿಷಕ್ಕೇ ಕೆಂಪು ಕಾರ್ಡ್ ಪಡೆದು ಹೊರಗೆ ಹೋದ. ಆದರೂ ಹತ್ತೇ ಜನರ ಆರ್ಸೆನಲ್ ಮೊದಲ ಗೋಲು ಹೊಡೆಯಿತು. ಬಾರ್ಸಿಲೋನಾ ಇವತ್ತು ಏಳೋದಿಲ್ಲ ಅಂತ ನೀನು ಅರ್ಧಕ್ಕೇ ಎದ್ದು ಹೋದೆ. ಬೆಳಿಗ್ಗೆ ನಿನಗೆ ಪರೀಕ್ಷೆ ಇತ್ತು. ಮಾರನೇ ದಿನ ಸ್ಕೋರು ಮಾತ್ರ ಹೇಳಿದ್ದೆ. ಆ ಎರಡನೇ ಅರ್ಧ ನಿನಗೆ ಹೇಳೋದು ಇಷ್ಟು ವರ್ಷ ಬಾಕಿ ಉಳಿದಿದೆ. ಹೇಳುತ್ತೇನೆ. ಮೊದಲು ನಿನ್ನ ಊರಿನ ಕಥೆ ಕೇಳು.

ಲಾರ್ಸನ್ ಹುಟ್ಟಿದ್ದು 1971ರ ಸೆಪ್ಟೆಂಬರ್ 20ರಂದು. ಅಪ್ಪ ಫ್ರಾನ್ಸಿಸ್ಕೋ ರೋಷಾ, ಕೇಪ್ ವರ್ಡ್ ದ್ವೀಪಗಳಿಂದ ಬಂದ ನಾವಿಕ. ಅಮ್ಮ ಎವಾ ಲಾರ್ಸನ್, ಫ್ಯಾಕ್ಟರಿಯಲ್ಲಿ ದುಡಿಯುತ್ತಿದ್ದಳು. ಮಗನಿಗೆ ಅಪ್ಪನ ಹೆಸರು ಬೇಡ, ಅಮ್ಮನದೇ ಇರಲಿ, ಸ್ವೀಡನ್ನಿನಲ್ಲಿ ಬದುಕೋಕೆ ಸುಲಭ ಆಗುತ್ತದೆ ಅಂತ ಇಬ್ಬರೂ ಸೇರಿ ತೀರ್ಮಾನ ಮಾಡಿದರು. ಮಗಳನ್ನು ಅಲ್ಲಿ ಶಾಲೆಗೆ ಸೇರಿಸುವಾಗ ಅವಳ ಹೆಸರನ್ನು ಎರಡೆರಡು ಸಲ ಬಿಡಿಸಿ ಹೇಳಬೇಕಾಯಿತು ಅಂತ ಮೊನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಆಗ ನನಗೆ ಈ ಅಪ್ಪ ಅಮ್ಮನೇ ನೆನಪಾದರು. ಅವನಿಗೆ ಹನ್ನೆರಡು ವರ್ಷ ಆದಾಗ ಅವರಿಬ್ಬರೂ ಬೇರೆಯಾದರು.

ಆರನೇ ವಯಸ್ಸಿಗೆ ಹುಡುಗ ಹೋಗಾಬೋರ್ಗ್ ಅನ್ನುವ ಸಣ್ಣ ಕ್ಲಬ್ಬಿಗೆ ಸೇರಿದ. ನಿನ್ನ ಊರಿನದೇ ಕ್ಲಬ್ಬು. ಇಪ್ಪತ್ತು ದಾಟುವ ತನಕ ಅಲ್ಲೇ ಇದ್ದ. ಜೊತೆಗೆ ಹಣ್ಣು ಪ್ಯಾಕ್ ಮಾಡುವ ಕೆಲಸ. ಇವತ್ತು ಆ ವಯಸ್ಸಿನ ಆಟಗಾರನನ್ನು ಯಾರೂ ತಿರುಗಿ ನೋಡುವುದಿಲ್ಲ, ತಡವಾಯಿತು ಅಂತಾರೆ. 1992ರಲ್ಲಿ ಊರಿನ ದೊಡ್ಡ ಕ್ಲಬ್ ಹೆಲ್ಸಿಂಗ್‌ಬೋರ್ಗ್ ಐಎಫ್ ಅವನನ್ನು ಕರೆದುಕೊಂಡಿತು. ಕ್ಲಬ್ ಆಗ ಎರಡನೇ ದರ್ಜೆಯಲ್ಲಿತ್ತು, ಮೇಲಿನ ಲೀಗ್ ಕಾಣದೆ 24 ವರ್ಷ ಕಳೆದಿತ್ತು. ಮೊದಲ ವರ್ಷವೇ ಲಾರ್ಸನ್ 34 ಗೋಲು ಹೊಡೆದ. ಕ್ಲಬ್ ಮೇಲಕ್ಕೆ ಬಂತು. ಈ 1992ನ್ನು ತಲೆಯಲ್ಲಿ ಇಟ್ಟುಕೊಂಡಿರು. ಮುಂದೆ ಬೇಕಾಗುತ್ತದೆ.

ಮುಂದಿನ ವರ್ಷ ಹಾಲೆಂಡಿನ ಫೆಯೆನೂರ್ಡ್‌ಗೆ ಹೋದ. ಅಲ್ಲಿ ಕಳೆದ ನಾಲ್ಕು ವರ್ಷ ನನಗೆ ಅಷ್ಟು ಮುಖ್ಯ ಅನಿಸುವುದಿಲ್ಲ. ಅವನ ಜಾಗದಲ್ಲಿ ಅವನನ್ನು ಆಡಿಸಲಿಲ್ಲ, ಆಟದ ನಡುವೆ ಹೊರಗೆ ಕರೆಯುತ್ತಿದ್ದರು. ನಡುವೆ 1994ರ ವಿಶ್ವಕಪ್ಪಿನಲ್ಲಿ ಸ್ವೀಡನ್ ಮೂರನೇ ಸ್ಥಾನಕ್ಕೆ ಬಂತು. ರೊಮೇನಿಯಾ ಮೇಲೆ ಪೆನಾಲ್ಟಿ ಶೂಟೌಟಿನಲ್ಲಿ ಆರನೇ ಒದೆತ ಈ ಹುಡುಗನದ್ದೇ. ತಪ್ಪಿದರೆ ಮನೆಗೆ ಹೋಗಬೇಕಾಗಿ ಬರಬಹುದಾಗಿದ್ದ ಒದೆತ. ಹಾಕಿದ.

1997ರಲ್ಲಿ ಸ್ಕಾಟ್ಲೆಂಡಿನ ಸೆಲ್ಟಿಕ್ 6.5 ಲಕ್ಷ ಪೌಂಡ್ ಕೊಟ್ಟು ಅವನನ್ನು ಕೊಂಡಿತು. ಇಲ್ಲಿಂದ ನಾನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲ ಪಂದ್ಯ ಎಡಿನ್‌ಬರೋದಲ್ಲಿ, ಹಿಬರ್ನಿಯನ್ ಮೇಲೆ. ಬದಲಿ ಆಟಗಾರನಾಗಿ ಒಳಗೆ ಬಂದ. ಅವನು ಕೊಟ್ಟ ಒಂದು ಪಾಸ್ ನೇರ ಎದುರಾಳಿ ಚಿಕ್ ಚಾರ್ನ್ಲಿಯ ಕಾಲಿಗೆ ಹೋಯಿತು. ಚಾರ್ನ್ಲಿ ದೂರದಿಂದಲೇ ಹೊಡೆದ, ಗೋಲು. ಸೆಲ್ಟಿಕ್ 2–1ರಿಂದ ಸೋತಿತು. ಹೊಸ ಊರು, ಉದ್ದ ಜಡೆಗಟ್ಟಿದ ಕೂದಲಿನ ಹೊಸ ಹುಡುಗ, ಮೊದಲ ದಿನವೇ ಹೀಗೆ. ಆ ವರ್ಷ ಗ್ಲಾಸ್ಗೋದಲ್ಲಿ ಒಂದೊಂದು ತಪ್ಪಿಗೂ ಎಷ್ಟು ಬೆಲೆ ಇತ್ತು ಅಂತ ಗೊತ್ತಾಗಬೇಕಾದರೆ ಇದನ್ನು ಕೇಳು. ಪಕ್ಕದ ರೇಂಜರ್ಸ್ ಸತತ ಒಂಬತ್ತು ಸಲ ಲೀಗ್ ಗೆದ್ದಿತ್ತು. ಹಿಂದೆ ಸೆಲ್ಟಿಕ್ ಕೂಡ ಒಂಬತ್ತು ಗೆದ್ದಿತ್ತು. ರೇಂಜರ್ಸ್ ಹತ್ತನೆಯದನ್ನು ಗೆದ್ದರೆ ಆ ದಾಖಲೆ ಹೋಯಿತು ಅಂತಲೇ ಅರ್ಥ. ಅರ್ಧ ಊರಿಗೆ ಅದು ಊಟ ನಿದ್ದೆ ಕೆಡಿಸುವ ವಿಷಯ.

1998ರ ಮೇ 9, ಲೀಗಿನ ಕೊನೆಯ ದಿನ. ಸೇಂಟ್ ಜಾನ್‌ಸ್ಟನ್ ಮೇಲೆ ಸೆಲ್ಟಿಕ್ ಗೆಲ್ಲಲೇಬೇಕು. ಆಟ ಶುರುವಾದ ಕೆಲವೇ ನಿಮಿಷಕ್ಕೆ ಲಾರ್ಸನ್ ಎಡಗಡೆಯಿಂದ ಒಳಗೆ ತಿರುಗಿ ಬಲಗಾಲಿನಲ್ಲಿ ದೂರದ ಮೂಲೆಗೆ ಹೊಡೆದ. 2–0 ಗೆಲುವು. ಹತ್ತನೆಯದು ನಿಂತಿತು. ಮೊದಲ ಪಂದ್ಯದಲ್ಲಿ ಎದುರಾಳಿಗೆ ಪಾಸ್ ಕೊಟ್ಟವನು ಅದೇ ಋತುವಿನ ಕೊನೆಯ ದಿನ ಹೀಗೆ ಮಾಡಿದ.

1999ರ ಅಕ್ಟೋಬರಿನಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ಅವನ ಎಡಗಾಲು ಎರಡು ಕಡೆ ಮುರಿಯಿತು. ಆ ವಿಡಿಯೋ ಹುಡುಕಬೇಡ, ನೋಡಲಾಗುವುದಿಲ್ಲ. ಓಟದ ಮೇಲೇ ಬದುಕುವ ಸ್ಟ್ರೈಕರ್‌ಗೆ ಆ ಪೆಟ್ಟು ಅಂದರೆ ಬಹಳ ಜನರ ಆಟ ಅಲ್ಲಿಗೇ ಮುಗಿಯುತ್ತದೆ. ಅವನು ಮೇ ತಿಂಗಳಲ್ಲಿ ಮೈದಾನಕ್ಕೆ ಇಳಿದ. ಜೂನಿನಲ್ಲಿ ಯೂರೋ ಕಪ್ಪಿನಲ್ಲಿ ಇಟಲಿ ಮೇಲೆ ಗೋಲು ಹೊಡೆದ. ಅದರ ಮುಂದಿನ ಋತುವಿನಲ್ಲಿ ಒಟ್ಟು 53 ಗೋಲು. ಅದರಲ್ಲಿ 35 ಲೀಗಿನಲ್ಲೇ. ಯುರೋಪಿನ ಲೀಗುಗಳಲ್ಲಿ ಹೆಚ್ಚು ಗೋಲು ಹೊಡೆದವರಿಗೆ ಕೊಡುವ ಚಿನ್ನದ ಬೂಟು ಅವನದ್ದಾಯಿತು. ಆಗಸ್ಟಿನಲ್ಲಿ ರೇಂಜರ್ಸ್ ಮೇಲೆ 6–2ರಿಂದ ಗೆದ್ದ ಪಂದ್ಯವನ್ನು ಮಾತ್ರ ಹುಡುಕಿ ನೋಡು. ಡಿಫೆಂಡರ್‌ನ ಕಾಲುಗಳ ನಡುವೆ ಚೆಂಡು ದಾಟಿಸಿ, ಓಡುತ್ತಲೇ ಗೋಲ್‌ಕೀಪರ್‌ನ ತಲೆ ಮೇಲೆ ಮೆಲ್ಲಗೆ ಎತ್ತಿ ಹಾಕಿದ. ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

2002ರ ವಿಶ್ವಕಪ್ ನಾವು ಬೇರೆ ಬೇರೆ ಊರಿನಲ್ಲಿದ್ದಾಗ ಬಂತು. ಆಗ ನಿನ್ನ ಪರಿಚಯವೇ ಇರಲಿಲ್ಲ. ಜಪಾನಿನ ಪಂದ್ಯಗಳು ನಮಗೆ ಮಧ್ಯಾಹ್ನಕ್ಕೆ ಬರುತ್ತಿದ್ದವು. ಸ್ವೀಡನ್–ಸೆನೆಗಲ್ ಪಂದ್ಯ ಒಂದು ಭಾನುವಾರ ಹನ್ನೆರಡು ಗಂಟೆಗೆ. ಅಮ್ಮ ಊಟಕ್ಕೆ ಕರೆದು ಕರೆದು ಸಾಕಾಗಿ ತಟ್ಟೆಯನ್ನು ಟಿವಿ ಮುಂದೆಯೇ ತಂದಿಟ್ಟಳು. ಲಾರ್ಸನ್ ನೆಗೆದು ತಲೆಯಿಂದ ಹಾಕಿದ ಹೆಡರನ್ನು ನಾನು ಮೊದಲ ಸಲ ಕಂಡಿದ್ದು ಅಂದು. ಎತ್ತರ ಆರಡಿಗಿಂತ ಕಡಿಮೆ. ಆದರೆ ಗಾಳಿಯಲ್ಲಿ ಎರಡು ಕ್ಷಣ ಹೆಚ್ಚು ನಿಲ್ಲುತ್ತಾನೆ ಅನಿಸಿತು. ಹೆಚ್ಚುವರಿ ಸಮಯದಲ್ಲಿ ಮೊದಲು ಗೋಲು ಹೊಡೆದವರೇ ಗೆಲ್ಲುವ ಗೋಲ್ಡನ್ ಗೋಲಿನಲ್ಲಿ ಸ್ವೀಡನ್ ಸೋತಿತು. ಅವತ್ತಿನಿಂದ ಅವನು ನನ್ನ ಆಟಗಾರ.

ಮುಂದಿನ ವರ್ಷ ಸೆವಿಲ್ಲಾ. 2003ರ ಮೇ 21, ಸೆಲ್ಟಿಕ್‌ಗೆ ಯುರೋಪಿನ ಕ್ಲಬ್ಬುಗಳ ಯುಯೆಫಾ ಕಪ್ ಫೈನಲ್, ಎದುರಿಗೆ ಜೋಸೆ ಮೌರಿನ್ಯೋ ಕೋಚ್ ಆಗಿದ್ದ ಪೋರ್ಚುಗಲ್ಲಿನ ಪೋರ್ಟೋ. ಸ್ಕಾಟ್ಲೆಂಡಿನಿಂದ ಸುಮಾರು 80 ಸಾವಿರ ಜನ ಸ್ಪೇನಿಗೆ ಹೋಗಿದ್ದರು ಅಂತಾರೆ. ಬಹಳ ಜನರ ಹತ್ತಿರ ಟಿಕೆಟ್ಟೇ ಇರಲಿಲ್ಲ. ಉರಿ ಸೆಕೆ. ಪೋರ್ಟೋ ಗೋಲು ಹೊಡೆದಾಗಲೆಲ್ಲ ಲಾರ್ಸನ್ ಅಳಿಸಿದ. ಎರಡೂ ಹೆಡರ್. ಮೊದಲನೆಯದಂತೂ ದೂರದ ಕಂಬದ ಹತ್ತಿರ ಹಿಂದೆ ಹಿಂದೆ ಸರಿಯುತ್ತಾ ನೆಗೆದು, ಚೆಂಡನ್ನು ಬಂದ ದಿಕ್ಕಿಗೇ ತಿರುಗಿಸಿ ಹಾಕಿದ್ದು. 115ನೇ ನಿಮಿಷಕ್ಕೆ ಡೆರ್ಲೇ ಹೊಡೆದ ಗೋಲಿನಿಂದ ಪೋರ್ಟೋ 3–2ಕ್ಕೆ ಗೆದ್ದಿತು. ಫೈನಲ್ಲಿನಲ್ಲಿ ಎರಡು ಗೋಲು ಹೊಡೆದೂ ಬರಿಗೈಲಿ ಹೋಗುವುದು ಎಂಥ ಸಂಕಟ ನೋಡು. ಗೆದ್ದ ಪಂದ್ಯಗಳಿಗಿಂತ ಆ ಸೋತ ರಾತ್ರಿಗೇ ನಾನು ಅವನನ್ನು ಹೆಚ್ಚು ಮೆಚ್ಚುತ್ತೇನೆ.

ಏಳು ವರ್ಷ, 242 ಗೋಲು, ನಾಲ್ಕು ಲೀಗ್. ದೊಡ್ಡ ದೊಡ್ಡ ಕ್ಲಬ್ಬುಗಳಿಗೆ ಹೋಗುತ್ತಾನೆ ಅನ್ನುವ ಸುದ್ದಿ ಪ್ರತಿ ವರ್ಷ ಬರುತ್ತಿತ್ತು. ಅವನು ಹೋಗಲಿಲ್ಲ. ಒಪ್ಪಂದ ಮುಗಿದ ಮೇಲೆ, 2004ರಲ್ಲಿ, ಕಣ್ಣೀರು ಹಾಕುತ್ತಾ ಸೆಲ್ಟಿಕ್ ಪಾರ್ಕ್ ಬಿಟ್ಟ. ಬಾರ್ಸಿಲೋನಾ ಅವನಿಗಾಗಿ ಯಾರಿಗೂ ಒಂದು ಕಾಸು ಕೊಡಬೇಕಾಗಿ ಬರಲಿಲ್ಲ. ವಿಧಿ ಎಂಥದ್ದು ಅಂದರೆ, ಸೆಪ್ಟೆಂಬರಿನಲ್ಲೇ ಬಾರ್ಸಿಲೋನಾ ಪಂದ್ಯ ಅದೇ ಸೆಲ್ಟಿಕ್ ಪಾರ್ಕಿನಲ್ಲಿ ಬಿತ್ತು. ಬದಲಿಯಾಗಿ ಇಳಿದವನ ಕಾಲಿಗೆ ಹಳೇ ಗೆಳೆಯನ ತಪ್ಪು ಪಾಸ್ ಒಂದು ಬಂತು. ಗೋಲು ಹಾಕಿದ. ಕೈ ಎತ್ತಲಿಲ್ಲ, ನಗಲಿಲ್ಲ. ಏನೋ ತಪ್ಪು ಮಾಡಿದವನ ಹಾಗೆ ನಿಂತ. ನವೆಂಬರಿನಲ್ಲಿ ಮೊಣಕಾಲು ಹೋಯಿತು, ಆ ಋತು ಬಹುಪಾಲು ಅಲ್ಲಿಗೇ ಮುಗಿಯಿತು.

ಈಗ ನಿನ್ನ ಬಾಕಿ, ಆ 2006ರ ಫೈನಲ್.

ಪ್ಯಾರಿಸ್‌ನಲ್ಲಿ ಮಳೆ. ನೀನು ಎದ್ದು ಹೋದ ಮೇಲೂ 1–0. ಬಾರ್ಸಿಲೋನಾದ ರೊನಾಲ್ಡಿನ್ಯೋ, ಎಟೋ, ಯಾರಿಗೂ ದಾರಿ ಸಿಗುತ್ತಿಲ್ಲ. 61ನೇ ನಿಮಿಷಕ್ಕೆ ಲಾರ್ಸನ್‌ನನ್ನು ಇಳಿಸಿದರು. ವಯಸ್ಸು 34, ಬಾರ್ಸಿಲೋನಾಗೆ ಅವನ ಕೊನೆಯ ದೊಡ್ಡ ಪಂದ್ಯ. ಟಿವಿ ರೂಮಿನಲ್ಲಿ ನಾಲ್ಕೇ ಜನ ಉಳಿದಿದ್ದೆವು. 76ನೇ ನಿಮಿಷ. ಇನಿಯೆಸ್ಟಾ ಚೆಂಡನ್ನು ಜೋರಾಗಿ ಮುಂದೆ ಕೊಟ್ಟ. ಲಾರ್ಸನ್ ಅದನ್ನು ನಿಲ್ಲಿಸಲೇ ಇಲ್ಲ. ಒಂದೇ ಸಲ ಮುಟ್ಟಿ, ದಿಕ್ಕು ಸ್ವಲ್ಪ ಬದಲಿಸಿ, ಎಟೋ ಓಡುವ ದಾರಿಗೆ ಬಿಟ್ಟ. ಗೋಲು. ನಾಲ್ಕೈದು ನಿಮಿಷ ಕಳೆಯಿತು. ಬಲಗಡೆ ಲಾರ್ಸನ್ ಚೆಂಡು ಹಿಡಿದು ಕಾದ. ಓಡಿ ಬರುತ್ತಿದ್ದ ಬೆಲ್ಲೆಟ್ಟಿ ಸರಿಯಾದ ಜಾಗಕ್ಕೆ ಬರುವ ತನಕ ಕಾದು ಆಮೇಲೆ ಕೊಟ್ಟ. 2–1. ಕಪ್ ಬಾರ್ಸಿಲೋನಾಗೆ. ಗೋಲು ಹೊಡೆದವರ ಪಟ್ಟಿಯಲ್ಲಿ ಲಾರ್ಸನ್ ಹೆಸರಿಲ್ಲ. ಸ್ಕೋರು ಮಾತ್ರ ಕೇಳಿದವರಿಗೆ ಅವನು ಆಡಿದ್ದೇ ಗೊತ್ತಾಗುವುದಿಲ್ಲ, ಅಲ್ವಾ? ಸೋತ ಆರ್ಸೆನಲ್ಲಿನ ಥಿಯರಿ ಆನ್ರಿ ಅವತ್ತೇ ಹೇಳಿದ, ಎಲ್ಲರೂ ರೊನಾಲ್ಡಿನ್ಯೋ, ಎಟೋ ಅಂತಾರೆ, ಪಂದ್ಯ ಬದಲಿಸಿದ್ದು ಲಾರ್ಸನ್ ಅಂತ.

ಅಷ್ಟು ಮಾಡಿದವನು ಆಮೇಲೆ ಹೋಗಿದ್ದೆಲ್ಲಿಗೆ? ನಿನ್ನ ಊರಿಗೆ. ತನ್ನ ಹಳೇ ಕ್ಲಬ್ ಹೆಲ್ಸಿಂಗ್‌ಬೋರ್ಗ್‌ಗೆ. 2007ರ ಜನವರಿಯಲ್ಲಿ, ಸ್ವೀಡನ್ನಿನಲ್ಲಿ ಚಳಿಗಾಲದ ಬಿಡುವು ಇದ್ದಾಗ, ಮ್ಯಾಂಚೆಸ್ಟರ್ ಯುನೈಟೆಡ್ ಅವನನ್ನು ಸ್ವಲ್ಪ ಕಾಲಕ್ಕೆ ಕರೆಸಿಕೊಂಡಿತು. ಮೊದಲ ಪಂದ್ಯದಲ್ಲೇ ಆಸ್ಟನ್ ವಿಲ್ಲಾ ಮೇಲೆ ಗೋಲು. ಯುನೈಟೆಡ್ ಮ್ಯಾನೇಜರ್ ಅಲೆಕ್ಸ್ ಫರ್ಗ್ಯೂಸನ್‌ಗೆ ಅವನು ಋತು ಮುಗಿಯುವ ತನಕ ಇರಲಿ ಅಂತ ಆಸೆ. ಲೀಗ್ ಗೆಲ್ಲುವ ದಾರಿಯಲ್ಲಿದ್ದ ತಂಡ. ಇವನು ಮಾರ್ಚಿಗೆ ವಾಪಸ್ ಬರುತ್ತೇನೆ ಅಂತ ಊರಿಗೆ ಮಾತು ಕೊಟ್ಟಿದ್ದ. ಬಂದ. ಕೊನೆಯ ಪಂದ್ಯ ಮುಗಿಸಿ ಒಳಗೆ ಹೋದಾಗ ತಂಡದವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ. ಹತ್ತು ವಾರವೂ ತುಂಬದ ಅತಿಥಿಗೆ!

ಇನ್ನೊಂದು ವಿಷಯ ಬರೆಯೋದೋ ಬೇಡವೋ ಅಂತ ಯೋಚಿಸಿದೆ. ನೀನು ಅಲ್ಲೇ ಇರುವುದರಿಂದ ಬರೆಯುತ್ತೇನೆ. ಆಟ ಬಿಟ್ಟು ಕೋಚ್ ಆದ ಲಾರ್ಸನ್ 2015ರಲ್ಲಿ ಹೆಲ್ಸಿಂಗ್‌ಬೋರ್ಗ್‌ನ ಜವಾಬ್ದಾರಿ ಹೊತ್ತ. ಮಗ ಜೋರ್ಡನ್ ಅದೇ ತಂಡದ ಸ್ಟ್ರೈಕರ್. 2016ರ ನವೆಂಬರಿನಲ್ಲಿ, ಮೇಲಿನ ಲೀಗಿನಲ್ಲಿ ಉಳಿಯುವ ಕೊನೆಯ ಪಂದ್ಯ, ತವರಿನ ಒಲಿಂಪಿಯಾ ಮೈದಾನದಲ್ಲಿ. ಕೊನೆಯ ಹತ್ತು ನಿಮಿಷ ಇರುವಾಗ ಜೋರ್ಡನ್ನೇ ಗೋಲು ಹೊಡೆದ. ಉಳಿದೆವು ಅಂದುಕೊಳ್ಳುವಷ್ಟರಲ್ಲಿ ಎದುರಾಳಿ ಹಾಲ್ಮ್‌ಸ್ಟಾಡ್ ಎರಡು ಗೋಲು ಹೊಡೆದುಬಿಟ್ಟಿತು. 1992ರಲ್ಲಿ ಅಪ್ಪ ತನ್ನ ಗೋಲುಗಳಿಂದ ಮೇಲಕ್ಕೆ ತಂದ ಕ್ಲಬ್, ಅಪ್ಪನೇ ಕೋಚ್ ಆಗಿ ನಿಂತಿರುವಾಗ, ಮಗ ಗೋಲು ಹೊಡೆದ ದಿನವೇ ಕೆಳಗೆ ಬಿತ್ತು. ಮುಖ ಮುಚ್ಚಿಕೊಂಡ ಕೆಲವರು ಒಳಗೆ ನುಗ್ಗಿ ಜೋರ್ಡನ್ ಮೇಲೆ ಬಿದ್ದು ಅಂಗಿ ಕಿತ್ತರು. ಓದಿದಾಗ ನನ್ನ ಹೊಟ್ಟೆಯಲ್ಲಿ ಸಂಕಟವಾಯಿತು. ಇಡೀ ಊರನ್ನು ಅದಕ್ಕೆ ದೂರುವುದು ಸರಿಯಲ್ಲ, ಕೆಲವೇ ಜನ ಮಾಡಿದ್ದು. ಆದರೂ ಇಂಥ ಮನೆಯ ಹುಡುಗನಿಗೆ ಅಲ್ಲೇ ಹಾಗಾಗಬಾರದಿತ್ತು. ಲಾರ್ಸನ್ ಕೆಲಸ ಬಿಟ್ಟ. ಜೋರ್ಡನ್ ಆಟ ಬಿಡಲಿಲ್ಲ. ಎಲ್ಲೆಲ್ಲೋ ಆಡಿ 2023ರಲ್ಲಿ ಕೋಪನ್‌ಹೇಗನ್ ಸೇರಿದ. ನಿನ್ನ ಫೋಟೋದಲ್ಲಿ ಕಾಣುತ್ತದಲ್ಲ, ಆಚೆ ದಡ, ಆ ದೇಶ.

ಸ್ವೀಡನ್ ಸ್ಟ್ರೈಕರ್ ಅಂದರೆ ಈಗಿನ ಹುಡುಗರು ಇಬ್ರಾಹಿಮೋವಿಚ್ ಅಂತಾರೆ. ಸರಿ, ಗೋಲು ಅವನದ್ದೇ ಹೆಚ್ಚು. ಲಾರ್ಸನ್ ದೇಶಕ್ಕೆ 106 ಪಂದ್ಯದಲ್ಲಿ 37 ಹೊಡೆದ. ನನಗೆ ಲಾರ್ಸನ್ನೇ. ಇದರಲ್ಲಿ ನಿನ್ನ ಜೊತೆ ವಾದಕ್ಕೆ ನಾನು ಸಿದ್ಧ.

ನಿನ್ನಿಂದ ಒಂದು ಕೆಲಸ ಆಗಬೇಕು. ಒಂದು ಶನಿವಾರ ಮಗಳನ್ನು ಕರೆದುಕೊಂಡು ಹೋಗಾಬೋರ್ಗ್ ಮೈದಾನದ ಕಡೆ ಹೋಗು. ಮಕ್ಕಳು ಆಡುತ್ತಿದ್ದರೆ ಸ್ವಲ್ಪ ಹೊತ್ತು ನಿಂತು ನೋಡು, ಒಂದು ಫೋಟೋ ಕಳಿಸು. ಆಮೇಲೆ ಒಲಿಂಪಿಯಾದಲ್ಲಿ ಒಂದು ಪಂದ್ಯ ನೋಡು. ಈ ಸಲ ಅರ್ಧಕ್ಕೆ ಎದ್ದು ಬರಬೇಡ. ಡಿಸೆಂಬರಿನಲ್ಲಿ ಊರಿಗೆ ಬರುವಾಗ ಹೆಲ್ಸಿಂಗ್‌ಬೋರ್ಗ್‌ನ ಕೆಂಪು ಸ್ಕಾರ್ಫ್ ಒಂದು ತಾ. ಅಮ್ಮ ನಿನಗೆ ಅಪ್ಪೆಮಿಡಿ ಉಪ್ಪಿನಕಾಯಿ ತೆಗೆದಿಟ್ಟಿದ್ದಾಳೆ.

ನಿನ್ನ,
ಸುರೇಶ